ನಮ್ಮನೆ ವಾಲಿರ್ಲಿಲ್ಲ

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಇವತ್ತು ಕ್ಲಾಸ್ ಮುಗಿದ ಮೇಲೆ ಕಾಲೇಜಿನ ಮೇನ್ ಬ್ಲಾಕ್ ಎದುರಿಗೆ ಒಂದಿಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಪೂರ್ತಿ ಕಟ್ಟಡ ಬರೋ ಹಾಗೆ ಫೋನಿನಲ್ಲಿ ಒಂದು ಫೋಟೋ ತೆಗೀರಿ. ಆಮೇಲೆ ಕಟ್ಟಡದ ಎರಡು ಅಂಚುಗಳನ್ನ ಗಮನಿಸಿ. ಮೇಲಕ್ಕೆ ಹೋಗ್ತಾ ಹೋಗ್ತಾ ಎರಡೂ ಒಳಕ್ಕೆ ಬಾಗಿರುತ್ತವೆ. ಇಡೀ ಬ್ಲಾಕ್ ಹಿಂದಕ್ಕೆ ಮಲಗ್ತಾ ಇದೆಯೇನೋ ಅನ್ನೋ ಹಾಗೆ ಕಾಣುತ್ತೆ. ನಮ್ಮ ಗ್ಯಾಲರಿಗಳಲ್ಲಿರೋ ದೇವಸ್ಥಾನದ ಗೋಪುರ, ಮದುವೆ ಛತ್ರ, ಹಾಸ್ಟೆಲ್, ಎಲ್ಲ ಕಟ್ಟಡಗಳದೂ ಇದೇ ಕಥೆ. ನೋಡಿ ನೋಡಿ ಅಭ್ಯಾಸ ಆಗಿರೋದ್ರಿಂದ ನಮಗೆ ಅದು ತಪ್ಪು ಅಂತ ಅನ್ಸೋದೇ ಇಲ್ಲ.

ಕಾರಣ ತುಂಬ ಸರಳ. ಎತ್ತರದ ಕಟ್ಟಡದ ತಲೆ ಫ್ರೇಮಿನಲ್ಲಿ ಬರ್ಲಿ ಅಂತ ನಾವು ಕ್ಯಾಮೆರಾವನ್ನ ಮೇಲಕ್ಕೆ ಎತ್ತುತ್ತೀವಿ. ಆಗ ಒಳಗಿರೋ ಸೆನ್ಸರ್ ಗೋಡೆಗೆ ಸಮಾನಾಂತರವಾಗಿ ಉಳಿಯಲ್ಲ. ಗೋಡೆಯ ಮೇಲಿನ ಭಾಗ ಸೆನ್ಸರ್‌ನಿಂದ ಹೆಚ್ಚು ದೂರ, ಕೆಳಭಾಗ ಹತ್ತಿರ. ದೂರದ್ದು ಚಿಕ್ಕದಾಗಿ ಬೀಳುತ್ತೆ, ಹತ್ತಿರದ್ದು ದೊಡ್ಡದಾಗಿ ಬೀಳುತ್ತೆ. ಆಯತ ಇದ್ದದ್ದು ತ್ರಾಪಿಜ್ಯ ಆಗುತ್ತೆ. ಸೆಮಿನಾರ್ ಹಾಲಿನಲ್ಲಿ ಪ್ರೊಜೆಕ್ಟರನ್ನ ಪುಸ್ತಕದ ಮೇಲೆ ಎತ್ತಿಟ್ಟಾಗ ಪರದೆ ಮೇಲೆ ಸ್ಲೈಡ್ ಅಗಲ ಆಗಿ ಕಾಣುತ್ತಲ್ಲ, ರಿಮೋಟ್‌ನಲ್ಲಿ ಕೀಸ್ಟೋನ್ ಬಟನ್ ಒತ್ತಿ ಸರಿ ಮಾಡ್ತೀವಲ್ಲ, ಅದೇ ಸಮಸ್ಯೆ ಇಲ್ಲಿ ತಿರುಗುಮುರುಗಾಗಿ ಇದೆ.

ಇದನ್ನ ನಾನು ಗಮನಿಸೋ ಹಾಗೆ ಮಾಡಿದ್ದು ಯಾವ ಯೂಟ್ಯೂಬ್ ಚಾನೆಲ್ಲೂ ಅಲ್ಲ, ಗುಬ್ಬಿಯಲ್ಲಿರೋ ನಮ್ಮಜ್ಜಿ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮನೆಯಲ್ಲಿ ಭಾಗದ ಮಾತು ಮುಗಿದಿತ್ತು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ ಮೂವರೂ ಒಪ್ಪಿ, ಹಳೇ ಮನೆ ಕೆಡವಿ ಜಾಗ ಹಂಚಿಕೊಳ್ಳೋದು ಅಂತ ತೀರ್ಮಾನ ಆಗಿತ್ತು. ಜಗಳ ಏನಿಲ್ಲ. ಧನುರ್ಮಾಸ ಕಳೀಲಿ, ಸಂಕ್ರಾಂತಿ ಆದ ಮೇಲೆ ಕೆಲಸ ಶುರು ಮಾಡೋಣ ಅಂತ ಕಾಯ್ತಿದ್ರು. ನಾನು ಫೋನಿನಲ್ಲಿ ಮನೆ ಮುಂದಿನ ಒಂದು ಫೋಟೋ ತೆಗೆದು ಅಜ್ಜಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡ್ಕೊಂಡು ಸ್ವಲ್ಪ ಹೊತ್ತು ನೋಡಿ, "ಇದೇನವ್ವ, ನಮ್ಮನೆ ಹಿಂದಕ್ಕೆ ಬಿದ್ದೋಗ್ತಾ ಐತೆ? ನಿಮ್ ತಾತ ತೂಗುಗುಂಡು ಬಿಟ್ಟು ಕಟ್ಸಿದ ಗೋಡೆ ಇದು. ನಮ್ಮನೆ ವಾಲಿರ್ಲಿಲ್ಲ" ಅಂದ್ರು.

"ವಾಲಿಲ್ಲ" ಅನ್ನಲಿಲ್ಲ, "ವಾಲಿರ್ಲಿಲ್ಲ" ಅಂದ್ರು. ಮನೆ ಇನ್ನೂ ನಿಂತಿರುವಾಗಲೇ ಭೂತಕಾಲ ಬಂದುಬಿಟ್ಟಿತ್ತು. ಮುಂದೆ ಮೂರು ಮನೆಗಳ ಗೋಡೆ ಮೇಲೆ ಇರೋದು ಒಂದು ಫೋಟೋ ಮಾತ್ರ, ಅದರಲ್ಲಾದರೂ ಮನೆ ನೆಟ್ಟಗೆ ನಿಲ್ಲಬೇಕು ಅಂತ ಆವತ್ತು ತೀರ್ಮಾನ ಮಾಡಿದೆ.

ಹಾಗಂತ ಹಿಂದೆ ಸರಿದು ನಿಂತು ಕ್ಯಾಮೆರಾ ನೆಟ್ಟಗೆ ಹಿಡಿದು ತೆಗೆಯೋಣ ಅಂದ್ರೆ ನಮ್ಮ ಬೀದಿ ಅಷ್ಟು ಅಗಲ ಇಲ್ಲ. ಟೇಪ್ ಹಿಡಿದು ನೋಡಿದೆ: ಎದುರುಮನೆ ಗೋಡೆಗೆ ಬೆನ್ನು ಅಂಟಿಸಿ ನಿಂತರೆ ಲೆನ್ಸಿನಿಂದ ನಮ್ಮನೆ ಗೋಡೆಗೆ 20 ಅಡಿ. ಮನೆ 18 ಅಡಿ ಅಗಲ, ಮಹಡಿ ಮೇಲಿನ ಹೆಂಚಿನ ನೆತ್ತಿವರೆಗೆ 26 ಅಡಿ ಎತ್ತರ. ಹುಡುಕ್ತಾ ಹೋದಾಗ ಸಿಕ್ಕ ಹೆಸರು ಟಿಲ್ಟ್-ಶಿಫ್ಟ್ ಲೆನ್ಸ್. ಬೆಲೆ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕ್ಯಾನನ್‌ನ 24 ಮಿ.ಮೀ. ಲೆನ್ಸ್ ಒಂದೂವರೆ ಲಕ್ಷಕ್ಕೂ ಮೇಲೆ. ಆದ್ರೆ ಬೆಂಗಳೂರಲ್ಲಿ ಬಾಡಿಗೆಗೆ ಸಿಗುತ್ತೆ. ಡಿಸೆಂಬರ್‌ನ ಒಂದು ಶುಕ್ರವಾರದಿಂದ ಭಾನುವಾರದವರೆಗೆ, ಮೂರು ದಿನಕ್ಕೆ, ನಾಲ್ಕು ಜನ ದುಡ್ಡು ಹಾಕಿ ತಂದೆವು. ಫುಲ್ ಫ್ರೇಮ್ ಬಾಡಿ ಒಬ್ಬ ಸೀನಿಯರ್ ಕೊಟ್ಟರು. ಮೂರನೇ ದಿನ ಗುಬ್ಬಿಗೆ ಅಂತ ಮೊದಲೇ ಇಟ್ಟುಕೊಂಡೆ. ಉಳಿದ ಎರಡು ದಿನ ಕಲಿಯೋಕೆ.

ಶುಕ್ರವಾರ ಕೈದಾಳಕ್ಕೆ ಹೋದ್ವಿ. ತುಮಕೂರಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರಿನ ಹತ್ತಿರ ಇರೋ ಊರು, 12ನೇ ಶತಮಾನದ ಚೆನ್ನಕೇಶವ ದೇವಸ್ಥಾನ ಇದೆ. ಜಕಣಾಚಾರಿ ಕಥೆ ನಿಮಗೆ ಗೊತ್ತೇ ಇರುತ್ತೆ. ಬೇಲೂರಿನ ವಿಗ್ರಹದ ಕಲ್ಲಲ್ಲಿ ಕಪ್ಪೆ ಇದೆ ಅಂತ ಒಬ್ಬ ಹುಡುಗ ತೋರಿಸಿದ, ಶಿಲ್ಪಿ ತನ್ನ ಕೈ ಕಡಿದುಕೊಂಡ, ಆ ಹುಡುಗ ಮಗನೇ ಅಂತ ಆಮೇಲೆ ಗೊತ್ತಾಯ್ತು, ಇಲ್ಲಿ ಚೆನ್ನಕೇಶವನನ್ನ ಕೆತ್ತಿದ ಮೇಲೆ ಕೈ ಮತ್ತೆ ಬಂತು, ಅದಕ್ಕೇ ಊರಿಗೆ ಈ ಹೆಸರು ಅಂತಾರೆ. ಇದು ಇತಿಹಾಸ ಅಲ್ಲ, ಐತಿಹ್ಯ. ಆದ್ರೂ ಕಲ್ಲಿನ ಗೆರೆ ಎಷ್ಟು ನೇರ ಇದೆ ಅಂತ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅನ್ನಿಸ್ತು. ಅರ್ಚಕರನ್ನ ಕೇಳಿ, ಹೊರಗೆ ಹೆಬ್ಬಾಗಿಲ ಎದುರು ಟ್ರೈಪಾಡ್ ಇಟ್ವಿ.

ಈ ಲೆನ್ಸಿನ ಗುಟ್ಟು ಏನು ಅಂದ್ರೆ ಅದು ಬೀಳಿಸೋ ಚಿತ್ರದ ವೃತ್ತ ದೊಡ್ಡದು. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ, ಕರ್ಣ ಸುಮಾರು 43.3 ಮಿ.ಮೀ. ಮಾಮೂಲಿ ಲೆನ್ಸ್ ಇದನ್ನ ಮುಚ್ಚುವಷ್ಟು ವೃತ್ತ ಬೀಳಿಸಿದರೆ ಸಾಕು. ಈ 24 ಮಿ.ಮೀ. ಲೆನ್ಸಿನ ಎರಡನೇ ಆವೃತ್ತಿ ಬೀಳಿಸೋ ವೃತ್ತದ ವ್ಯಾಸ 67.2 ಮಿ.ಮೀ. ದೊಡ್ಡ ಊಟದ ತಟ್ಟೆ ಮೇಲೆ ಒಂದು ಪೋಸ್ಟ್‌ಕಾರ್ಡ್ ಇಟ್ಟ ಹಾಗೆ. ಕಾರ್ಡನ್ನ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಜರುಗಿಸಬಹುದು. ನಾಬ್ ತಿರುಗಿಸಿದರೆ ಲೆನ್ಸ್ 12 ಮಿ.ಮೀ.ವರೆಗೆ ಜರುಗುತ್ತೆ. ಕ್ಯಾಮೆರಾ ಅಲ್ಲಾಡಲ್ಲ, ಸೆನ್ಸರ್ ಗೋಡೆಗೆ ಸಮಾನಾಂತರವಾಗೇ ಇರುತ್ತೆ, ನೋಟ ಮಾತ್ರ ಮೇಲಕ್ಕೆ ಹೋಗುತ್ತೆ. ಪೈಥಾಗೊರಸ್ ಹಾಕಿ ನೋಡಿ: ಕ್ಯಾಮೆರಾ ಲಂಬವಾಗಿ ಹಿಡಿದು ಪೂರ್ತಿ 12 ಮಿ.ಮೀ. ಶಿಫ್ಟ್ ಮಾಡಿದರೆ ಫ್ರೇಮಿನ ದೂರದ ಮೂಲೆ ಕೇಂದ್ರದಿಂದ 30 ಮಿ.ಮೀ. ಮೇಲೆ, 12 ಮಿ.ಮೀ. ಪಕ್ಕ. ಅಂದ್ರೆ ತ್ರಿಜ್ಯ 32.3, ವ್ಯಾಸ 64.6. ವೃತ್ತದ ಒಳಗೇ ಇದೆ. ಡಿಸೈನ್ ಮಾಡಿದವರು 12ಕ್ಕೆ ಯಾಕೆ ನಿಲ್ಲಿಸಿದರು ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಹೆಬ್ಬಾಗಿಲ ಎದುರು ಸ್ಪಿರಿಟ್ ಲೆವೆಲ್ ನೋಡಿ ಕ್ಯಾಮೆರಾ ಮಟ್ಟ ಮಾಡಿದೆ. ಶಿಫ್ಟ್ ಸೊನ್ನೆ ಇದ್ದಾಗ ಅರ್ಧ ಫ್ರೇಮ್ ಬರೀ ನೆಲ, ಮೇಲ್ಭಾಗ ಕಟ್. ನಿಧಾನಕ್ಕೆ ನಾಬ್ ತಿರುಗಿಸ್ತಾ ಹೋದೆ. ನೆಲ ಕೆಳಗಿಂದ ಜಾರಿಹೋಯ್ತು, ಮೇಲಿಂದ ಕಲ್ಲು ಇಳಿದು ಬಂತು, ಕಂಬಗಳು ಒಂದು ಕೂದಲೆಳೆಯಷ್ಟೂ ಬಾಗಲಿಲ್ಲ. ಲಿಫ್ಟಿನಲ್ಲಿ ನಿಂತು ಮೇಲೆ ಹೋಗ್ತಾ ಇರೋ ಹಾಗಿತ್ತು. ಪಕ್ಕದಲ್ಲಿದ್ದ ರೂಮ್‌ಮೇಟ್ "ಇನ್ನೊಂದ್ಸಲ ಮಾಡೇ" ಅಂತ ನಾಲ್ಕು ಸಲ ತಿರುಗಿಸಿ ನೋಡಿದಳು.

ಅಲ್ಲಿ ಕಲಿತ ಎರಡು ವಿಷಯ ಬರೆದಿಡ್ತೀನಿ. ಒಂದು, ಈ ಲೆನ್ಸಿಗೆ ಆಟೋಫೋಕಸ್ ಇಲ್ಲ. ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ಕೈಯಲ್ಲೇ ಫೋಕಸ್ ಮಾಡಬೇಕು. ಎರಡು, ಡಿಎಸ್‌ಎಲ್‌ಆರ್‌ನಲ್ಲಿ ಶಿಫ್ಟ್ ಮಾಡಿದ ಮೇಲೆ ವ್ಯೂಫೈಂಡರ್ ಮೀಟರ್ ನಂಬೋ ಹಾಗಿಲ್ಲ. ಶಿಫ್ಟ್ ಸೊನ್ನೆ ಇರುವಾಗಲೇ ಬೆಳಕು ಅಳೆದು, ಮ್ಯಾನ್ಯುಯಲ್‌ನಲ್ಲಿ ಲಾಕ್ ಮಾಡಿ, ಆಮೇಲೆ ಶಿಫ್ಟ್ ಮಾಡಬೇಕು.

ಸಂಜೆ ಸಿದ್ಧಗಂಗೆ ಬೆಟ್ಟ ಹತ್ತಿದ್ವಿ. ಟಿಲ್ಟ್-ಶಿಫ್ಟ್ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಆಟಿಕೆ ಊರಿನ ಹಾಗೆ ಕಾಣೋ ಫೋಟೋಗಳಲ್ವಾ? ಬೆಟ್ಟದ ಮೇಲಿಂದ ಲೆನ್ಸನ್ನ 8 ಡಿಗ್ರಿ ಮೇಲಕ್ಕೆ ಓರೆ ಮಾಡಿ, ಅಪರ್ಚರ್ ಪೂರ್ತಿ ತೆಗೆದು ಕೆಳಗಿನ ರಸ್ತೆ ನೋಡಿದರೆ ಒಂದು ತೆಳು ಪಟ್ಟಿ ಮಾತ್ರ ಸ್ಪಷ್ಟ, ಮಿಕ್ಕಿದ್ದೆಲ್ಲ ಮಸುಕು. ಆಟೋ, ಬಸ್ಸು ಎಲ್ಲ ಜಾತ್ರೆಯಲ್ಲಿ ಮಾರೋ ಪ್ಲಾಸ್ಟಿಕ್ ಆಟಿಕೆಯ ಹಾಗೆ. ಇಷ್ಟೊಂದು ಮಸುಕು ಮಾಮೂಲಿಯಾಗಿ ಬರೋದು ತೀರಾ ಹತ್ತಿರದ ಸಣ್ಣ ವಸ್ತುವಿನ ಫೋಟೋದಲ್ಲಿ. ಅದಕ್ಕೇ ಮೆದುಳು ಇದನ್ನೂ ಸಣ್ಣದು ಅಂದುಕೊಳ್ಳುತ್ತೆ. ನಾವು ನಾಲ್ಕೂ ಜನ ಹತ್ತತ್ತು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿಕೊಂಡ್ವಿ. ಮಜಾ ಇದೆ. ಆದ್ರೆ ಟಿಲ್ಟ್ ಹುಟ್ಟಿದ್ದು ಇದಕ್ಕಲ್ಲ.

ಥಿಯೋಡರ್ ಶೈಂಪ್‌ಫ್ಲೂಗ್ ಅಂತ ಆಸ್ಟ್ರಿಯಾದ ಸೇನಾಧಿಕಾರಿ. ಗಾಳಿಬಲೂನು, ಗಾಳಿಪಟದಿಂದ ತೆಗೆದ ನೆಲದ ಫೋಟೋಗಳು ಓರೆಯಾಗಿ ಬರ್ತಿದ್ದವು. ಅವನ್ನ ನೆಟ್ಟಗೆ ಮಾಡಿ ನಕ್ಷೆ ಬರೆಯೋಕೆ ಬಳಸೋದು ಹೇಗೆ ಅಂತ ಕೂತು ಲೆಕ್ಕ ಹಾಕಿ 1904ರಲ್ಲಿ ಬ್ರಿಟಿಷ್ ಪೇಟೆಂಟ್ ತಗೊಂಡ. ಅದರ ಮೂಲ ವಿಚಾರ ತನಗಿಂತ ಮೊದಲು, 1901ರಲ್ಲಿ, ಫ್ರಾನ್ಸಿನ ಜೂಲ್ಸ್ ಕಾರ್ಪೆಂಟಿಯರ್ ಹೇಳಿದ್ದು ಅಂತ ಆ ಪೇಟೆಂಟಿನಲ್ಲೇ ಒಪ್ಪಿಕೊಂಡಿದ್ದಾನೆ. ನಿಯಮ ಇಷ್ಟೇ: ಸೆನ್ಸರಿನ ಸಮತಲ, ಲೆನ್ಸಿನ ಸಮತಲ, ಫೋಕಸ್ ಆಗೋ ಸಮತಲ, ಮೂರೂ ಒಂದೇ ಗೆರೆಯಲ್ಲಿ ಸೇರಬೇಕು. ಮಾಮೂಲಿ ಕ್ಯಾಮೆರಾದಲ್ಲಿ ಮೂರೂ ಸಮಾನಾಂತರ, ಎಲ್ಲೂ ಸೇರಲ್ಲ. ಲೆನ್ಸ್ ಓರೆ ಮಾಡಿದರೆ ಫೋಕಸ್ ಸಮತಲವೂ ಓರೆಯಾಗುತ್ತೆ, ಬೇಕಿದ್ರೆ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಮಲಗಿಸಬಹುದು. ಹಳೇ ಸ್ಟುಡಿಯೋಗಳಲ್ಲಿ ಕರೀ ಬಟ್ಟೆ ಹೊದ್ದು ನೋಡೋ, ಹಾರ್ಮೋನಿಯಂ ತರ ತಿದಿ ಇರೋ ಕ್ಯಾಮೆರಾಗಳಲ್ಲಿ ಈ ಚಲನೆಗಳು ಇದ್ದವು. ಕ್ಯಾಮೆರಾ ಸಣ್ಣದಾದ ಮೇಲೆ ಅವು ಮಾಯವಾದವು. 35 ಮಿ.ಮೀ. ಕ್ಯಾಮೆರಾಗೆ ಟಿಲ್ಟ್, ಶಿಫ್ಟ್ ಎರಡೂ ಒಂದೇ ಲೆನ್ಸಿನಲ್ಲಿ ಸಿಕ್ಕಿದ್ದು 1973ರಲ್ಲಿ, ಕ್ಯಾನನ್‌ನಿಂದ.

ಶನಿವಾರ ಕುಣಿಗಲ್. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರೋ ಆ ಕೆರೆ ಏರಿ ಮೇಲೆ ಬೆಳಗ್ಗೆ ಆರೂವರೆಗೆ ನಿಂತಿದ್ವಿ. ಕಾಲಡಿಯ ಕಲ್ಲಿಂದ ಆಚೆ ದಡದವರೆಗೆ ಎಲ್ಲ ಸ್ಪಷ್ಟ ಬರಬೇಕು ಅನ್ನೋದು ಗುರಿ. ಲೆನ್ಸ್ 8.5 ಡಿಗ್ರಿವರೆಗೆ ಓರೆಯಾಗುತ್ತೆ, ಹಾಗಾದ್ರೆ ಎಷ್ಟು ಮಾಡಬೇಕು? ಇದಕ್ಕೊಂದು ಸುಲಭ ಸೂತ್ರ ಇದೆ. ಕ್ಯಾಮೆರಾ ನೆಲದಿಂದ ಎಷ್ಟು ಎತ್ತರ ಇದೆಯೋ ಅದು, ಲೆನ್ಸಿನ ಫೋಕಲ್ ಲೆಂತನ್ನ ಟಿಲ್ಟ್ ಕೋನದ ಸೈನ್‌ನಿಂದ ಭಾಗಿಸಿದ್ದಕ್ಕೆ ಸಮ ಆಗಬೇಕು. ಆಗ ಫೋಕಸ್ ಸಮತಲ ಸರಿಯಾಗಿ ನಮ್ಮ ಕಾಲಡಿಯಿಂದ ಹೊರಡುತ್ತೆ. ಕ್ಯಾಮೆರಾ ಎತ್ತರ 1.5 ಮೀಟರ್, ಲೆನ್ಸ್ 24 ಮಿ.ಮೀ. 24ನ್ನ 1500ರಿಂದ ಭಾಗಿಸಿ, ಸೈನ್ ಇನ್ವರ್ಸ್ ಒತ್ತಿ. ಉತ್ತರ 0.92 ಡಿಗ್ರಿ! ಎಂಟೂವರೆ ಡಿಗ್ರಿ ಇರೋ ಲೆನ್ಸಿನಲ್ಲಿ ಒಂದು ಡಿಗ್ರಿಯೂ ಬೇಡ. ನಾನು ಸೊನ್ನೆ, ಒಂದು, ನಾಲ್ಕು, ಎಂಟು ಅಂತ ಎಲ್ಲಾ ಇಟ್ಟು ಒಂದೊಂದು ಫೋಟೋ ತೆಗೆದೆ. ಒಂದರ ಹತ್ತಿರದ ಗೆರೆಯಲ್ಲಿ ಕಲ್ಲಿನ ಪಾಚಿಯಿಂದ ಹಿಡಿದು ಆಚೆ ದಡದವರೆಗೆ ನೀರಿನ ಮೇಲ್ಮೈ ಚಾಕುವಿನಲ್ಲಿ ಕೆತ್ತಿದ ಹಾಗೆ ಬಂತು, ಅದೂ ಎಫ್/3.5ರಲ್ಲಿ.

ಆದ್ರೆ ಹತ್ತು ಮೀಟರ್ ದೂರದಲ್ಲಿದ್ದ ತೆಂಗಿನ ಮರದ ತಲೆ ಮಸುಕು. ಬುಡ ಸ್ಪಷ್ಟ, ಗರಿ ಮಸುಕು. ಯಾಕಂದ್ರೆ ಫೋಕಸ್ ಈಗ ನೆಲದ ಮೇಲೆ ಮಲಗಿದೆ, ಮರ ಅದನ್ನ ಸೀಳಿಕೊಂಡು ಮೇಲೆದ್ದಿದೆ. ಸ್ಪಷ್ಟ ಇರೋ ಜಾಗ ಕಾಲಡಿಯಿಂದ ಶುರುವಾಗಿ ದೂರ ಹೋದಷ್ಟೂ ದಪ್ಪ ಆಗೋ ಬೆಣೆಯ ಆಕಾರ. ಎಫ್/3.5ರಲ್ಲಿ ಹತ್ತು ಮೀಟರ್ ದೂರದಲ್ಲಿ ಆ ಬೆಣೆ ನೆಲದಿಂದ ಎರಡೂಮುಕ್ಕಾಲು ಮೀಟರ್ ಎತ್ತರವಷ್ಟೇ. ಎಫ್/8ಕ್ಕೆ ಇಟ್ಟರೆ ಆರು ಮೀಟರ್ ದಾಟುತ್ತೆ. ಇನ್ನೂ ಒಂದು ಮಾತು ನೇರವಾಗಿ ಹೇಳಬೇಕು. ಟಿಲ್ಟ್ ಇಲ್ಲದೆ ಮಾಮೂಲಿ 24 ಮಿ.ಮೀ. ಲೆನ್ಸನ್ನ ಎಫ್/11ಕ್ಕೆ ಇಟ್ಟು, ಒಂದೂಮುಕ್ಕಾಲು ಮೀಟರಿಗೆ ಫೋಕಸ್ ಮಾಡಿದರೆ, ಸುಮಾರು 90 ಸೆಂ.ಮೀ.ನಿಂದ ಅನಂತದವರೆಗೆ ಸಾಕಷ್ಟು ಸ್ಪಷ್ಟ ಬರುತ್ತೆ, ಮರದ ತಲೆಯೂ ಸೇರಿ. ನಮ್ಮಂಥವರ ಕೆರೆ ಫೋಟೋಗೆ ಅಷ್ಟು ಸಾಕು. ಟಿಲ್ಟ್ ನಿಜವಾಗಿ ಬೇಕಾಗೋದು ವಿಷಯ ತೀರಾ ಹತ್ತಿರ ಇದ್ದಾಗ, ಇಲ್ಲಾ ಬೆಳಕು ಕಡಿಮೆ ಇದ್ದು ಅಪರ್ಚರ್ ತೆರೆದೇ ಇಡಬೇಕಾದಾಗ. ಶಿಫ್ಟ್‌ಗೆ ಮಾತ್ರ ಅಂಥ ಸುಲಭದ ಬದಲಿ ಇಲ್ಲ. ಸಾಫ್ಟ್‌ವೇರಿನಲ್ಲಿ ಗೆರೆ ನೆಟ್ಟಗೆ ಮಾಡಬಹುದು, ಆದ್ರೆ ಮೇಲಿನ ಭಾಗ ಎಳೆದು ಹಿಗ್ಗಿಸಬೇಕು, ಪಕ್ಕಗಳು ಕತ್ತರಿಸಿ ಹೋಗ್ತವೆ, ಎತ್ತರ-ಅಗಲದ ಅನುಪಾತ ಅಂದಾಜಿನದಾಗುತ್ತೆ.

ಭಾನುವಾರ ಬೆಳಗ್ಗೆ ತುಮಕೂರಿಂದ 20 ಕಿ.ಮೀ. ಗುಬ್ಬಿಗೆ. ನಮ್ಮೂರು ಅಂದ್ರೆ ಎಲ್ಲರಿಗೂ ಗುಬ್ಬಿ ಕಂಪನಿ ನೆನಪಾಗುತ್ತೆ. 1884ರಲ್ಲಿ ಶುರುವಾದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದಿತ್ತು. ಆ ಕಾಲದ ಕಂಪನಿ ನಾಟಕಗಳಲ್ಲಿ ಬೀದಿ ದೃಶ್ಯಕ್ಕೆ ಒಂದು ಪರದೆ ಬಿಡ್ತಿದ್ರು, ಅದರಲ್ಲಿ ಚಿತ್ರಗಾರ ಮನೆಗಳ ಸಾಲನ್ನ ದೂರಕ್ಕೆ ಹೋಗ್ತಾ ಚಿಕ್ಕದು ಮಾಡ್ತಾ ಬರೆದಿರ್ತಿದ್ದ. ಬೀದಿ ಮುಂದಕ್ಕೆ ಓಡುತ್ತೆ, ಆದ್ರೆ ಮನೆಗಳ ಮೂಲೆ ಮಾತ್ರ ನೆಟ್ಟಗೇ ನಿಂತಿರುತ್ತೆ. ಟಿಲ್ಟ್-ಶಿಫ್ಟ್ ಲೆನ್ಸ್ ಮಾಡೋದೂ ಅದನ್ನೇ. ನಮ್ಮ ಕಣ್ಣಿಗೂ ಗೋಡೆ ಮೇಲಕ್ಕೆ ಹೋದಂತೆ ಕಿರಿದಾಗೇ ಬೀಳುತ್ತೆ, ಆದ್ರೆ ಗೋಡೆ ನೆಟ್ಟಗಿದೆ ಅಂತ ಮೆದುಳಿಗೆ ಗೊತ್ತಿರೋದ್ರಿಂದ ಅದು ಸರಿ ಮಾಡಿಕೊಳ್ಳುತ್ತೆ. ಚಪ್ಪಟೆ ಕಾಗದ ಕೈಗೆ ಬಂದಾಗ ಆ ಸಹಾಯ ಸಿಗಲ್ಲ. ಅಜ್ಜಿಗೆ ಕಂಡಿದ್ದು ಅದೇ.

ನಮ್ಮನೆ ಪೂರ್ವಕ್ಕೆ ಮುಖ. ಏಳೂವರೆಗೆ ಬಿಸಿಲು ಜಗಲಿ ಮೇಲೆ ಬಿದ್ದಿತ್ತು. ಎದುರುಮನೆಯವರು ಬೈಕ್ ತೆಗೆದು ಜಾಗ ಮಾಡಿಕೊಟ್ಟರು. ಕ್ಯಾಮೆರಾ 5 ಅಡಿ ಎತ್ತರದಲ್ಲಿ, ಲಂಬವಾಗಿ. 20 ಅಡಿ ದೂರದಲ್ಲಿ 24 ಮಿ.ಮೀ. ಲೆನ್ಸ್ ಇಟ್ಟರೆ ಸೆನ್ಸರಿನ ಒಂದು ಮಿ.ಮೀ. ಅಂದ್ರೆ ಗೋಡೆಯ 10 ಅಂಗುಲ. ಲೆಕ್ಕ ತಾನಾಗೇ ಆಗುತ್ತೆ. ಶಿಫ್ಟ್ ಇಲ್ಲದಿದ್ರೆ ಮೇಲಕ್ಕೆ 18 ಮಿ.ಮೀ., ಅಂದ್ರೆ 15 ಅಡಿ, ಕ್ಯಾಮೆರಾ ಎತ್ತರ ಸೇರಿಸಿದರೆ 20 ಅಡಿವರೆಗೆ ಮಾತ್ರ. ಮಹಡಿ ಕಿಟಕಿಯ ಮೇಲ್ಭಾಗ, ಹೆಂಚು, ನೆತ್ತಿ ಎಲ್ಲ ಹೊರಗೆ. 10 ಮಿ.ಮೀ. ಶಿಫ್ಟ್ ಕೊಟ್ಟೆ. 28 ಅಡಿ ದಾಟಿತು. ನೆತ್ತಿ ಮೇಲೆ ಎರಡಡಿ ಆಕಾಶ, ಕೆಳಗೆ ರಂಗೋಲಿ, ಪಕ್ಕಕ್ಕೆ ಒಂದೊಂದು ಅಡಿ ಜಾಗ.

ಜಗಲಿಯಲ್ಲಿ ನಾಲ್ಕು ಮರದ ಕಂಬಗಳಿವೆ. ಅಣ್ಣತಮ್ಮಂದಿರು ಮೂವರು, ಕಂಬ ನಾಲ್ಕು. ಭಾಗದ ದಿನ ಇದೊಂದೇ ವಿಷಯಕ್ಕೆ ಎಲ್ಲರೂ ನಕ್ಕಿದ್ದಂತೆ. ತಲಾ ಒಂದೊಂದು, ನಾಲ್ಕನೇದು ಅಜ್ಜಿದು, ಅಜ್ಜಿ ಎಲ್ಲಿರ್ತಾರೋ ಅಲ್ಲಿಗೆ ಅಂತ ತೀರ್ಮಾನ ಆಯ್ತು. ಫೋಟೋ ತೆಗೆಯುವಾಗ ಅಜ್ಜಿಯನ್ನ ಕಂಬದ ಪಕ್ಕ ಕೂರಿಸೋಣ ಅಂದ್ರೆ, "ನಾನ್ಯಾಕೆ, ಮನೆ ತೆಗಿ" ಅಂತ ಒಳಗೆ ಹೋದ್ರು. ಎಫ್/8ರಲ್ಲಿ ಹದಿನಾಲ್ಕು ಫೋಟೋ ತೆಗೆದೆ. ಒಂದರಲ್ಲಿ ಮಾತ್ರ ಬಾಗಿಲ ಕತ್ತಲಲ್ಲಿ ಅವರ ಸೀರೆ ಸೆರಗು ಕಾಣುತ್ತೆ. ಪ್ರಿಂಟ್ ಹಾಕಿಸಿದ್ದು ಅದನ್ನೇ.

ಸಿವಿಲ್ ಓದೋ ನನ್ನ ಕಸಿನ್ ಆ ಫೋಟೋ ತಗೊಂಡು ಇನ್ನೊಂದು ಕೆಲಸ ಮಾಡಿದ. ಸೆನ್ಸರ್ ಗೋಡೆಗೆ ಸಮಾನಾಂತರ ಇದ್ದುದರಿಂದ ಮುಂಗೋಡೆ ಫೋಟೋದಲ್ಲಿ ಬಿದ್ದಿರೋದು ಹೆಚ್ಚುಕಡಿಮೆ ಸ್ಕೇಲಿಗೆ ಬರೆದ ಎಲಿವೇಷನ್ ತರ. ಮೊದಲ ಸೆಮಿಸ್ಟರ್ ಡ್ರಾಯಿಂಗ್‌ನಲ್ಲಿ ನಾವು ಬರೆದ ಫ್ರಂಟ್ ವ್ಯೂ ನೆನಪಿದೆಯಲ್ಲ, ಹಾಗೆ. ಬಾಗಿಲು, ಕಿಟಕಿ, ಗೂಡುಗಳ ಅಳತೆಯನ್ನ ಪಿಕ್ಸೆಲ್ ಎಣಿಸಿ ತೆಗೆದ. ಜಗಲಿ ಕಂಬಗಳು ಗೋಡೆಗಿಂತ ಮುಂದೆ ಇರೋದ್ರಿಂದ ಅವಕ್ಕೆ ಬೇರೆ ಸ್ಕೇಲ್ ಹಾಕಿದ. ಟೇಪಿನಲ್ಲಿ ಅಳೆದದ್ದಕ್ಕೆ ತಾಳೆ ನೋಡಿದಾಗ ಕಂಬದ ಎತ್ತರಕ್ಕೆ ಒಂದಂಗುಲ ವ್ಯತ್ಯಾಸ. ಈಗ ನಮ್ಮ ಹತ್ತಿರ ಮನೆಯ ಒಂದು ನಕ್ಷೆಯೂ ಇದೆ. ತಾತ ಕಟ್ಟಿಸಿದಾಗ ನಕ್ಷೆ ಅಂತ ಏನೂ ಇರಲಿಲ್ಲ, ಗಾರೆಯವರ ತಲೆಯಲ್ಲೇ ಇತ್ತು.

ಫೆಬ್ರವರಿಯಲ್ಲಿ ಮನೆ ಇಳಿಸಿದರು. ನಾನು ಇಂಟರ್ನಲ್ಸ್ ಇದ್ದದ್ದಕ್ಕೆ ಹೋಗಲಿಲ್ಲ. ಶಿವರಾತ್ರಿಗೆ ಹೋದಾಗ ಫೋಟೋ ದೊಡ್ಡಪ್ಪನ ಮನೆ ನಡುಮನೆಯಲ್ಲಿತ್ತು, ಅಜ್ಜಿ ಈಗ ಇರೋದು ಅಲ್ಲೇ. ಬಂದವರಿಗೆಲ್ಲ ತೋರಿಸಿ ಹೇಳ್ತಾರೆ: "ನೋಡ್ರಿ, ಗೋಡೆ ಹೆಂಗೆ ನಿಂತೈತೆ." ಲೆನ್ಸ್ ಹೆಸರು ಅವರಿಗೆ ಬೇಡ, ನಾನೂ ಹೇಳಿಲ್ಲ.

ಲೆನ್ಸ್ ಬಾಡಿಗೆಗೆ ತರೋಕೆ ಆಗದವರಿಗೆ ಫೋನಿನಲ್ಲೇ ಮಾಡಬಹುದಾದ್ದು ಹೇಳ್ತೀನಿ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಹಾಕಿ. ಫೋನನ್ನ ಲಂಬವಾಗಿ, ಗೋಡೆಗೆ ಸಮಾನಾಂತರವಾಗಿ ಹಿಡೀರಿ, ಒಂದಿಷ್ಟೂ ಮೇಲಕ್ಕೆ ಓರೆ ಮಾಡಬೇಡಿ. ತಲೆ ಕಟ್ ಆದ್ರೆ ಅಲ್ಟ್ರಾವೈಡ್‌ಗೆ ಹೋಗಿ, ಇಲ್ಲಾ ಎದುರುಮನೆ ಮಹಡಿ ಹತ್ತಿ. ಕೆಳಗೆ ಅರ್ಧ ಫ್ರೇಮ್ ರಸ್ತೆ ಬರುತ್ತೆ, ಬರ್ಲಿ, ಆಮೇಲೆ ಕ್ರಾಪ್ ಮಾಡಿ. ಪಿಕ್ಸೆಲ್ ಸ್ವಲ್ಪ ಹೋಗುತ್ತೆ, ಆದ್ರೆ ಗೋಡೆ ನೆಟ್ಟಗಿರುತ್ತೆ. ಶಿಫ್ಟ್ ಲೆನ್ಸ್ ಮಾಡೋದೂ ಇದೇ ಕ್ರಾಪ್, ಪಿಕ್ಸೆಲ್ ಕಳೆದುಕೊಳ್ಳದೆ ಅಷ್ಟೇ.

ಗುಬ್ಬಿ, ಕುಣಿಗಲ್, ತಿಪಟೂರು ಕಡೆಯಿಂದ ದಿನಾ ಬಸ್ಸಲ್ಲಿ ಬರೋರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ನಿಮ್ಮೂರಲ್ಲಿ ಕೆಡವೋ ಮುಂಚೆ ತೆಗೀಬೇಕಾದ ಮನೆ ಯಾವುದಾದ್ರೂ ಇದ್ರೆ ಹೇಳಿ. ಟೇಪ್ ಹಿಡಿಯೋಕೆ, ಟ್ರೈಪಾಡ್ ಹೊರೋಕೆ ನಾನು ಬರ್ತೀನಿ.